ಮೊದಲ ಸೆಕ್ಟರಿನ ಒಡೆತನ

ಒಂದೇ ಗಣಕಯಂತ್ರದಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಜೊತೆಯಲ್ಲಿರಿಸಿಕೊಂಡು ಕೆಲಕಾಲ ನಡೆಸಿದವರು, ಎರಡನೆಯದು ತಮಗೆ ಒಗ್ಗಲಿಲ್ಲವೆಂದು ಅದು ನೆಲೆಸಿದ್ದ ಹಾರ್ಡ್ ಡಿಸ್ಕಿನ ವಿಭಾಗವನ್ನು ಅಳಿಸಿಹಾಕಿ, ತೆರವಾದ ಸ್ಥಳವನ್ನು ಕಂಡು ಸಂತುಷ್ಟರಾಗಿ ಯಂತ್ರವನ್ನು ನಿಲ್ಲಿಸಿದರೆಂದರೆ, ಮತ್ತೆ ಅದನ್ನು ಚಾಲೂ ಮಾಡಿದಾಗ ಅವರಿಗೆ ಕಾಣಸಿಗುವುದು ವಿಂಡೋಸಿನ ಪರಿಚಿತ ಮುಖವಲ್ಲ. ಕಪ್ಪು ಪರದೆಯ ಮೇಲೆ ಅಂಥ ವಿಭಾಗವೇ ಇಲ್ಲವೆಂದು ತಿಳಿಸುವ ಒಂದು ಇಂಗ್ಲಿಷ್ ಸಾಲು, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’ ಎಂಬೆರಡು ಪದ, ಅವುಗಳ ಮುಂದೆ ಆಜ್ಞೆಗಾಗಿ ಮಿಟುಕುತ್ತಿರುವ ಒಂದು ಗೀಟು. ಅಳಿಸಿದ್ದು ಲಿನಕ್ಸನ್ನು, ಏಳದೆ ಹೋದದ್ದು ವಿಂಡೋಸು. ವಿಂಡೋಸಿನ ಒಂದು ಕಡತಕ್ಕೂ ಊನವಾಗಿರುವುದಿಲ್ಲ. ಡಿಸ್ಕನ್ನು ಕಳಚಿ ಮತ್ತೊಂದು ಯಂತ್ರಕ್ಕೆ ಜೋಡಿಸಿ ನೋಡಿದರೆ ಎಲ್ಲವೂ ಇದ್ದಲ್ಲೇ ಇರುತ್ತವೆ. ಈ ವಿಪರ್ಯಾಸದ ಕಾರಣವನ್ನು ಬಳಕೆದಾರನ ಅಜಾಗರೂಕತೆಯಲ್ಲಿ ಹುಡುಕುವುದು ವಾಡಿಕೆಯಾಗಿದೆಯಾದರೂ ಅದು ನ್ಯಾಯವೆಂದು ನನಗೆ ತೋರುವುದಿಲ್ಲ. ಕಾರಣವಿರುವುದು 1983ರಲ್ಲಿ ಮಾಡಲಾದ ಒಂದು ಏರ್ಪಾಟಿನಲ್ಲಿ; ಆ ಏರ್ಪಾಟು ಪರಿಹರಿಸಹೊರಟ ಸಮಸ್ಯೆಯಾದರೋ ಅದಕ್ಕಿಂತಲೂ ಮೂವತ್ತೈದು ವರ್ಷಗಳಷ್ಟು ಹಳೆಯದು.

ಗಣಕವು ತನ್ನ ಸ್ಮೃತಿಯಲ್ಲಿರುವ ಆದೇಶಗಳನ್ನು ಒಂದಾದ ಮೇಲೊಂದರಂತೆ ನಡೆಸಬಲ್ಲುದೇ ಹೊರತು ಬೇರೇನನ್ನೂ ಅರಿಯದು. ವಿದ್ಯುತ್ತು ಹರಿದ ಕ್ಷಣದಲ್ಲಿ ಆ ಸ್ಮೃತಿ ಬರಿದಾಗಿರುತ್ತದೆ. ಅದರೊಳಕ್ಕೆ ಆದೇಶಗಳನ್ನು ತರಬೇಕಾದರೆ, ತರುವ ಬಗೆಯನ್ನು ಹೇಳಿಕೊಡುವ ಆದೇಶಗಳು ಮೊದಲೇ ಅಲ್ಲಿರತಕ್ಕದ್ದು. ಈ ಚಕ್ರವನ್ನು ಎಲ್ಲಾದರೂ ಒಂದೆಡೆ ಮನುಷ್ಯನು ತನ್ನ ಕೈಯಾರೆ ಕಡಿಯಲೇಬೇಕು. 1948ರ ಜೂನ್ 21ರಂದು ಮ್ಯಾಂಚೆಸ್ಟರಿನಲ್ಲಿ, ಆದೇಶಗಳನ್ನು ತನ್ನ ವಿದ್ಯುನ್ಮಾನ ಸ್ಮೃತಿಯಲ್ಲಿಯೇ ಇಟ್ಟುಕೊಂಡ ಯಂತ್ರವೊಂದು ಟಾಮ್ ಕಿಲ್‌ಬರ್ನ್ ರಚಿಸಿದ 17 ಆದೇಶಗಳನ್ನು 52 ನಿಮಿಷಗಳ ಕಾಲ ನಡೆಸಿ ಸರಿಯಾದ ಉತ್ತರವನ್ನು ಕೊಟ್ಟಾಗ, ಆ ಆದೇಶಗಳು ಸ್ಮೃತಿಯನ್ನು ಸೇರಿದ್ದು ಸ್ವಿಚ್ಚುಗಳ ಮೂಲಕ, ಬೆರಳಿನಿಂದ, ಒಂದೊಂದೇ ಬಿಟ್ಟಾಗಿ. ಹದಿನೇಳು ಆದೇಶಗಳಿಗೆ ಈ ಶ್ರಮವು ಸಹ್ಯವೇ, ಸಾವಿರಕ್ಕೆ ಅಸಾಧ್ಯ.

ಮರುವರ್ಷದ ಮೇ 6ರಂದು ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಅವರ ಸಂಗಡಿಗರು ಕಟ್ಟಿದ ಎಡ್‌ಸ್ಯಾಕ್ ತನ್ನ ಮೊದಲ ಲೆಕ್ಕವನ್ನು ಮಾಡಿತಷ್ಟೆ. ಆ ಯಂತ್ರದ ಕೀರ್ತಿಗೆ ಅನೇಕ ಕಾರಣಗಳುಂಟು. ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಡೇವಿಡ್ ವೀಲರ್ ಎಂಬ ಸಂಶೋಧನ ವಿದ್ಯಾರ್ಥಿಯು ಅದಕ್ಕಾಗಿ ಬರೆದ 31 ಆರಂಭಿಕ ಆದೇಶಗಳು. ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಕರೆಗಳನ್ನು ತಿರುಗಿಸಿಕೊಡಲು ಬಳಸುತ್ತಿದ್ದ ಯೂನಿಸೆಲೆಕ್ಟರುಗಳೆಂಬ ತಿರುಗು ಸ್ವಿಚ್ಚುಗಳಲ್ಲಿ ಈ ಆದೇಶಗಳನ್ನು ತಂತಿಗಳಿಂದಲೇ ಶಾಶ್ವತವಾಗಿ ಹೆಣೆದಿರಿಸಲಾಗಿದ್ದಿತು. ಚಾಲಕನು ಆರಂಭದ ಗುಂಡಿಯನ್ನು ಒತ್ತಿದೊಡನೆ ಅವು ಪಾದರಸದ ಕೊಳವೆಗಳ ಸ್ಮೃತಿಯೊಳಕ್ಕೆ ನಕಲಾಗಿ, ರಂಧ್ರಗಳುಳ್ಳ ಕಾಗದದ ಪಟ್ಟಿಯಿಂದ ಉಳಿದ ಕ್ರಮವಿಧಿಯನ್ನು ಓದಿ, ಅಕ್ಷರ ಮತ್ತು ದಶಮಾಂಶ ಅಂಕಿಗಳಲ್ಲಿ ಬರೆದುದನ್ನು ಯಂತ್ರದ ದ್ವಿಮಾನ ರೂಪಕ್ಕೆ ತಿರುಗಿಸಿ, ಬಳಿಕ ಅಧಿಕಾರವನ್ನು ಆ ಹೊಸದಕ್ಕೆ ಒಪ್ಪಿಸಿ ತಾವು ನಿವೃತ್ತವಾಗುತ್ತಿದ್ದುವು. ಕೆಲವೇ ತಿಂಗಳುಗಳಲ್ಲಿ ವೀಲರ್ ಅವುಗಳನ್ನು 41ಕ್ಕೆ ಹಿಗ್ಗಿಸಿ ಇನ್ನಷ್ಟು ಸಮರ್ಥವಾಗಿಸಿದರು. ಅಳಿಯದ ಒಂದು ಚಿಕ್ಕ ಕ್ರಮವಿಧಿ ಯಂತ್ರದ ಅಂಗವಾಗಿಯೇ ಇರಬೇಕು, ಅದಕ್ಕೆ ಮುಂದಿನದೊಂದು ಎಲ್ಲಿದೆಯೆಂಬುದು ಮಾತ್ರ ತಿಳಿದಿದ್ದರೆ ಸಾಕು ಎಂಬ ತತ್ತ್ವವು ಅಲ್ಲಿ ಸ್ಥಾಪಿತವಾಯಿತು. ಇಂದಿನವರೆಗೆ ನಡೆದ ಬದಲಾವಣೆಗಳೆಲ್ಲವೂ ಆ ಚಿಕ್ಕ ಕ್ರಮವಿಧಿಯನ್ನೂ ಅದು ಹಿಡಿದಿರುವ ವಿಳಾಸವನ್ನೂ ಎಲ್ಲಿ ಇರಿಸಬೇಕು, ಯಾರ ವಶದಲ್ಲಿರಿಸಬೇಕು ಎಂಬ ಪ್ರಶ್ನೆಗೆ ಸಂಬಂಧಪಟ್ಟವು.

ಆದರೆ ಈ ತತ್ತ್ವವನ್ನು ಎಲ್ಲರೂ ಕೂಡಲೇ ಅನುಸರಿಸಿದರೆಂದೇನೂ ಅಲ್ಲ. ಐಬಿಎಮ್ ಸಂಸ್ಥೆಯು 1952ರಲ್ಲಿ ಪ್ರಕಟಿಸಿದ 701ನೆಯ ಮಾದರಿಯ ಯಂತ್ರದಲ್ಲಿ ‘ಲೋಡ್’ ಎಂಬ ಗುಂಡಿಯಿದ್ದಿತು. ಅದನ್ನು ಒತ್ತಿದರೆ ರಂಧ್ರಕಾರ್ಡಿನಿಂದಲೋ ಕಾಂತಪಟ್ಟಿಯಿಂದಲೋ ಡ್ರಮ್ಮಿನಿಂದಲೋ ಮೊದಲ ಪದವೊಂದು ಸ್ಮೃತಿಗೆ ಬಂದು, ಅದರೊಳಗಿನ ಆದೇಶವು ಮಿಕ್ಕವನ್ನು ಬರಮಾಡಿಕೊಳ್ಳುತ್ತಿದ್ದಿತು. 1965ರಲ್ಲಿ ಬಂದ ಪಿಡಿಪಿ-8ರಂತಹ ಅಗ್ಗದ ಯಂತ್ರಗಳಲ್ಲಾದರೋ ವೆಚ್ಚವನ್ನು ಉಳಿಸುವ ನೆಪದಲ್ಲಿ ಕೆಲಸವು ಮತ್ತೆ ಮನುಷ್ಯನ ಬೆರಳಿಗೇ ಬಂದಿತು. ಮುಂಭಾಗದ ಫಲಕದಲ್ಲಿ ಸಾಲಾಗಿದ್ದ ಸ್ವಿಚ್ಚುಗಳನ್ನು ಮೇಲಕ್ಕೂ ಕೆಳಕ್ಕೂ ತಳ್ಳುತ್ತ ಹದಿನೈದು ಹದಿನಾರು ಪದಗಳ ಒಂದು ಪುಟ್ಟ ಲೋಡರನ್ನು ತುಂಬಿ, ಅದರಿಂದ ಪಟ್ಟಿಯ ಮೇಲಿದ್ದ ದೊಡ್ಡ ಲೋಡರನ್ನು ಓದಿಸಿ, ಅದರಿಂದ ನಿಜವಾದ ಕ್ರಮವಿಧಿಯನ್ನು ತರಿಸುವುದು ಪದ್ಧತಿಯಾಗಿದ್ದಿತು. ನುರಿತ ಚಾಲಕರಿಗೆ ಆ ಸಂಖ್ಯೆಗಳು ಕಂಠಸ್ಥವಾಗಿರುತ್ತಿದ್ದುವು. ಆ ಕಾಲದ ಸ್ಮೃತಿಯು ಕಾಂತೀಯ ಉಂಗುರಗಳಿಂದಾದುದಾದಕಾರಣ ವಿದ್ಯುತ್ತು ನಿಂತರೂ ಅದರೊಳಗಿನದು ಅಳಿಯುತ್ತಿರಲಿಲ್ಲ. ಹೀಗಾಗಿ ಪುಟ್ಟ ಲೋಡರನ್ನು ದಿನವೂ ತುಂಬಬೇಕಾಗಿರಲಿಲ್ಲ. ಯಾವುದಾದರೊಂದು ದಾರಿತಪ್ಪಿದ ಕ್ರಮವಿಧಿಯು ಅದರ ಮೇಲೆ ಬರೆದು ಕೆಡಿಸಿದಾಗ ಮಾತ್ರ ಸ್ವಿಚ್ಚುಗಳ ಬಳಿಗೆ ಹೋಗಬೇಕಾಗುತ್ತಿದ್ದಿತು. ಇಂದಿನ ‘ಬೂಟ್ ಆಗುತ್ತಿಲ್ಲ’ ಎಂಬ ದೂರಿನ ಪೂರ್ವಿಕರೂಪವನ್ನು ಇಲ್ಲಿ ಕಾಣಬಹುದು.

ಅರೆವಾಹಕ ಸ್ಮೃತಿಯು ಬಂದ ಮೇಲೆ ಆ ಅನುಕೂಲವೂ ಹೋಯಿತು. 1975ರ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡ ಆಲ್ಟೇರ್ 8800 ಎಂಬ ಪೆಟ್ಟಿಗೆಗೆ ಕೀಲಿಮಣೆಯೂ ಇರಲಿಲ್ಲ, ಪರದೆಯೂ ಇರಲಿಲ್ಲ. ಸ್ವಿಚ್ಚುಗಳೂ ಕೆಂಪು ದೀಪಗಳೂ ಮಾತ್ರ. ಅದಕ್ಕಾಗಿ ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿಕೊಂಡು ಪಾಲ್ ಆಲನ್ ಬಾಸ್ಟನ್ನಿನಿಂದ ಆಲ್ಬಕರ್ಕಿಗೆ ವಿಮಾನದಲ್ಲಿ ಹೊರಟಿದ್ದಾಗ, ತಾವೂ ಬಿಲ್ ಗೇಟ್ಸರೂ ಅಷ್ಟೆಲ್ಲ ಶ್ರಮಪಟ್ಟು ಬರೆದುದನ್ನು ಯಂತ್ರದೊಳಕ್ಕೆ ತರಬೇಕಾದ ಲೋಡರನ್ನೇ ಬರೆದಿಲ್ಲವೆಂಬುದು ಅವರಿಗೆ ಹೊಳೆಯಿತಂತೆ. ವಿಮಾನವು ಇಳಿಯುವಷ್ಟರಲ್ಲಿ ಅವರು ಅದನ್ನು ಕಾಗದದ ಮೇಲೆ ಯಂತ್ರಸಂಕೇತದಲ್ಲಿಯೇ ಬರೆದು ಮುಗಿಸಿದರು. ಮರುದಿನ ಫಲಕದ ಸ್ವಿಚ್ಚುಗಳಿಂದ ಅದನ್ನು ತುಂಬಿ, ಪಟ್ಟಿಯಿಂದ ಬೇಸಿಕ್ಕನ್ನು ಓದಿಸಿ, ಎರಡಕ್ಕೆ ಎರಡು ಕೂಡಿಸಲು ಕೇಳಿದಾಗ ಯಂತ್ರವು ನಾಲ್ಕೆಂದಿತು. ಮುಂದೆ ಜಗತ್ತಿನ ಅತ್ಯಂತ ಸಿರಿವಂತ ಉದ್ಯಮಗಳಲ್ಲಿ ಒಂದಾದ ಮೈಕ್ರೋಸಾಫ್ಟಿನ ಪ್ರಥಮ ಪ್ರದರ್ಶನವು ವಿಮಾನದಲ್ಲಿ ಗೀಚಿದ ಕೆಲವು ಸಾಲುಗಳ ಮೇಲೆ ನಿಂತಿದ್ದಿತೆಂಬುದನ್ನು ಆ ಸಂಸ್ಥೆಯ ಚರಿತ್ರೆಯನ್ನು ಬರೆಯುವವರು ವಿನೋದಕ್ಕಾಗಿ ಹೇಳುತ್ತಾರೆ. ನನಗೆ ಅದು ವಿನೋದಕ್ಕಿಂತ ಗಂಭೀರವಾದ ವಿಷಯವೆನಿಸುತ್ತದೆ. ಅಂತಹ ನಿಪುಣರೇ ಮರೆಯಬಹುದಾದಷ್ಟು ಅಗೋಚರವಾದ ಮೆಟ್ಟಿಲು ಅದು.

1981ರ ಆಗಸ್ಟ್ 12ರಂದು ಐಬಿಎಮ್ ತನ್ನ ಪಿಸಿಯನ್ನು ಪ್ರಕಟಿಸುವ ವೇಳೆಗೆ ಸ್ವಿಚ್ಚುಗಳ ಯುಗವು ಮುಗಿದಿದ್ದಿತು. ಅದರ ಅಳಿಯದ ಚಿಪ್ಪುಗಳಲ್ಲಿ ಬಯಾಸ್ ಎಂಬ 8 ಕಿಲೋಬೈಟಿನ ಆರಂಭಿಕ ಕ್ರಮವಿಧಿಯೂ 32 ಕಿಲೋಬೈಟಿನ ಬೇಸಿಕ್ಕೂ ಇದ್ದುವು. ಯಂತ್ರವನ್ನು ಚಾಲೂ ಮಾಡಿದಾಗ ಬಯಾಸು ಮೊದಲು ತನ್ನ ಅಂಗಾಂಗಗಳನ್ನು ಪರೀಕ್ಷಿಸಿಕೊಂಡು, ಬಳಿಕ ಫ್ಲಾಪಿಯ ಮೊಟ್ಟಮೊದಲ ಸೆಕ್ಟರಿನ 512 ಬೈಟುಗಳನ್ನು ಸ್ಮೃತಿಯ ಒಂದು ನಿಶ್ಚಿತ ಸ್ಥಾನಕ್ಕೆ ತಂದು, ಅದಕ್ಕೆ ಅಧಿಕಾರವನ್ನು ಒಪ್ಪಿಸುತ್ತಿದ್ದಿತು. ಫ್ಲಾಪಿಯೇ ಇಲ್ಲದಿದ್ದರೆ? ಆಗ ಚಿಪ್ಪಿನೊಳಗಿನ ಬೇಸಿಕ್ಕು ಪರದೆಯ ಮೇಲೆ ಪ್ರತ್ಯಕ್ಷವಾಗುತ್ತಿದ್ದಿತು. ಕಾರ್ಯಾಚರಣ ವ್ಯವಸ್ಥೆಯಿಲ್ಲದ ಯಂತ್ರವೂ ಏನನ್ನಾದರೂ ಮಾಡಬಲ್ಲುದಾಗಿದ್ದ ಕೊನೆಯ ಕಾಲವದು. ಅನುಕರಣ ಯಂತ್ರಗಳನ್ನು ತಯಾರಿಸಿದ ಇತರರಿಗೆ ಆ ಬೇಸಿಕ್ಕನ್ನು ಬಳಸುವ ಹಕ್ಕಿರಲಿಲ್ಲವಾದುದರಿಂದ, ಅವುಗಳಲ್ಲಿ ಅನೇಕವು ಇದೇ ಸನ್ನಿವೇಶದಲ್ಲಿ ‘ನೋ ರಾಮ್ ಬೇಸಿಕ್, ಸಿಸ್ಟಂ ಹಾಲ್ಟೆಡ್’ ಎಂದು ಸಾರಿ ನಿಂತುಬಿಡುತ್ತಿದ್ದುವು. ತೊಂಬತ್ತರ ದಶಕದಲ್ಲಿ ಹಾರ್ಡ್ ಡಿಸ್ಕನ್ನು ಹೊಸದಾಗಿ ಭಾಗಮಾಡಿ ಯಾವ ವಿಭಾಗವನ್ನೂ ಸಕ್ರಿಯವೆಂದು ಗುರುತಿಸದೆ ಬಿಟ್ಟವರು, ತಾವೆಂದೂ ಬಯಸದ ಬೇಸಿಕ್ಕು ಇಲ್ಲವೆಂದು ಯಂತ್ರವೇಕೆ ಹಲುಬುತ್ತಿದೆಯೆಂದು ಬೆರಗಾದುದುಂಟು.

ಈಗ 1983ರ ಏರ್ಪಾಟಿಗೆ ಬರೋಣ. ಆ ವರ್ಷದ ಮಾರ್ಚ್ ತಿಂಗಳಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕನ್ನುಳ್ಳ ಪಿಸಿ ಎಕ್ಸ್‌ಟಿಯೂ ಅದರೊಡನೆ ಡಾಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ 2.0 ಆವೃತ್ತಿಯೂ ಬಂದುವು. ಅಂದಿನ ಲೆಕ್ಕಕ್ಕೆ ವಿಶಾಲವಾಗಿದ್ದ ಆ ಡಿಸ್ಕನ್ನು ಒಂದಕ್ಕಿಂತ ಹೆಚ್ಚು ವ್ಯವಸ್ಥೆಗಳು ಹಂಚಿಕೊಳ್ಳಬಹುದೆಂದು ಎಣಿಸಿ, ಅದನ್ನು ನಾಲ್ಕು ವಿಭಾಗಗಳವರೆಗೆ ಒಡೆಯಲು ಅವಕಾಶವನ್ನು ಕಲ್ಪಿಸಲಾಯಿತು. ಡಿಸ್ಕಿನ ಮೊದಲ ಸೆಕ್ಟರಿನಲ್ಲಿ 446 ಬೈಟುಗಳವರೆಗೆ ಒಂದು ಕ್ರಮವಿಧಿ, ಅದರ ನಂತರ ಹದಿನಾರು ಹದಿನಾರು ಬೈಟುಗಳಂತೆ ನಾಲ್ಕು ವಿಭಾಗಗಳ ಮೇರೆಗಳನ್ನು ಬರೆದ 64 ಬೈಟಿನ ಪಟ್ಟಿ, ಕೊನೆಗೆ ಇದು ಸಿಂಧುವೆಂದು ತಿಳಿಸುವ ಎರಡು ಬೈಟಿನ ಮುದ್ರೆ: ಇದೇ ಮಾಸ್ಟರ್ ಬೂಟ್ ರೆಕಾರ್ಡ್. ಬಯಾಸು ಈ ಸೆಕ್ಟರನ್ನು ಓದಿ ಅದಕ್ಕೆ ಅಧಿಕಾರವನ್ನು ಕೊಡುತ್ತದೆ, ಅದು ಪಟ್ಟಿಯಲ್ಲಿ ಸಕ್ರಿಯವೆಂದು ಗುರುತಾದ ವಿಭಾಗವನ್ನು ಹುಡುಕಿ, ಆ ವಿಭಾಗದ ಮೊದಲ ಸೆಕ್ಟರಿಗೆ ಅಧಿಕಾರವನ್ನು ದಾಟಿಸುತ್ತದೆ, ವ್ಯವಸ್ಥೆಯು ಏಳುತ್ತದೆ. ಯೋಜನೆಯು ಸರಳವೂ ಸುಂದರವೂ ಆಗಿದ್ದಿತೆಂಬುದನ್ನು ಒಪ್ಪಲೇಬೇಕು. ಆದರೆ ಬಯಾಸು ಯಂತ್ರವನ್ನು ತಯಾರಿಸಿದವರದು, ವಿಭಾಗದೊಳಗಿನದು ಅಲ್ಲಿ ನೆಲೆಸಿದ ವ್ಯವಸ್ಥೆಯದು. ಇವೆರಡರ ನಡುವಿನ ಆ ಒಂದು ಸೆಕ್ಟರು ಮಾತ್ರ ಯಾವ ವಿಭಾಗಕ್ಕೂ ಸೇರದೆ, ಯಾರ ಹೆಸರಿನಲ್ಲಿಯೂ ದಾಖಲಾಗದೆ ಉಳಿಯಿತು. ಅದರ ಮೇಲೆ ಯಾರು ಬರೆಯಬಹುದು, ಬರೆದವರು ಹೊರಡುವಾಗ ಹಿಂದಿನದನ್ನು ಮರಳಿಸಬೇಕೇ ಎಂಬುದಕ್ಕೆ ಯಾವ ನಿಯಮವನ್ನೂ ಮಾಡಲಿಲ್ಲ. ಕೊನೆಗೆ ಬಂದವನ ಮಾತೇ ಅಲ್ಲಿ ನಡೆಯತೊಡಗಿತು.

ಈ ಅರಾಜಕತೆಯನ್ನು ಮೊದಲು ಕಂಡುಕೊಂಡವರು ಸಜ್ಜನರಲ್ಲ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೇನ್’ ಎಂಬ ವೈರಸ್ಸು ಫ್ಲಾಪಿಗಳ ಬೂಟ್ ಸೆಕ್ಟರಿನಲ್ಲಿ ತಾನು ಕುಳಿತು, ಅಲ್ಲಿ ಮೊದಲಿದ್ದುದನ್ನು ಬೇರೆಡೆಗೆ ಸರಿಸಿ, ಆ ಸ್ಥಳವು ಕೆಟ್ಟಿದೆಯೆಂದು ಗುರುತುಹಾಕುತ್ತಿದ್ದಿತು. ಅದು ಹಾರ್ಡ್ ಡಿಸ್ಕನ್ನು ಮುಟ್ಟಲಿಲ್ಲವಾದರೂ, ನಂತರ ಬಂದ ‘ಸ್ಟೋನ್ಡ್’ ಅದರ ಮೊದಲ ಸೆಕ್ಟರನ್ನೇ ಆಕ್ರಮಿಸಿತು. ಅದರ ಸಂತತಿಯಾದ ‘ಮೈಕೆಲೆಂಜೆಲೊ’ ಮಾರ್ಚ್ 6ರಂದು ಡಿಸ್ಕಿನ ಆರಂಭದ ಭಾಗವನ್ನೇ ಅಳಿಸುವುದೆಂಬ ಸುದ್ದಿ 1992ರಲ್ಲಿ ಜಗತ್ತಿನ ಪತ್ರಿಕೆಗಳನ್ನೆಲ್ಲ ತುಂಬಿತು. ಡಾಸ್‌ನ 5.0 ಆವೃತ್ತಿಯೊಡನೆ ಬಂದ ಎಫ್‌ಡಿಸ್ಕ್ ಎಂಬ ಉಪಕರಣಕ್ಕೆ ಕೈಪಿಡಿಯಲ್ಲಿ ಹೇಳದೆ ಬಿಟ್ಟ ಒಂದು ಆಯ್ಕೆಯಿದ್ದಿತು: ‘ಎಂಬಿಆರ್’ ಎಂದು ಅದಕ್ಕೆ ಸೇರಿಸಿದರೆ ಅದು ಮೊದಲ ಸೆಕ್ಟರಿನ ಕ್ರಮವಿಧಿಯನ್ನು ಹೊಸದಾಗಿ ಬರೆದು ವಿಭಾಗಪಟ್ಟಿಯನ್ನು ಹಾಗೆಯೇ ಬಿಡುತ್ತಿದ್ದಿತು. ರಿಪೇರಿಯವರ ನಡುವೆ ಬಾಯಿಂದ ಬಾಯಿಗೆ ಹರಡಿದ ಈ ಗುಪ್ತಮಂತ್ರವು ವೈರಸ್ಸಿಗೂ ಮದ್ದಾಯಿತು, ಲಿನಕ್ಸನ್ನು ಅಳಿಸಿ ಕಂಗೆಟ್ಟವರಿಗೂ ಮದ್ದಾಯಿತು. ವಿಭಾಗಪಟ್ಟಿಯನ್ನೇ ಬಚ್ಚಿಟ್ಟುಕೊಂಡಿದ್ದ ಕೆಲವು ವೈರಸ್ಸುಗಳಿಗೆ ಇದನ್ನು ಪ್ರಯೋಗಿಸಿದಾಗ ರೋಗದೊಡನೆ ಪಟ್ಟಿಯೂ ಹೋಗಿ, ಡಿಸ್ಕು ಇದ್ದೂ ಇಲ್ಲದಂತಾದದ್ದೂ ಉಂಟು.

ಲಿನಕ್ಸಿನ ಆರಂಭದ ವರ್ಷಗಳಲ್ಲಿ ಅದನ್ನು ಎಬ್ಬಿಸುತ್ತಿದ್ದುದು ವೆರ್ನರ್ ಆಲ್ಮೆಸ್‌ಬರ್ಗರ್ ಬರೆದ ಲಿಲೊ. ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದು ಹಂತವು ಮುಗಿದಂತೆ ಒಂದೊಂದಾಗಿ ಪರದೆಯ ಮೇಲೆ ಮೂಡಿಸುತ್ತಿದ್ದುದರಿಂದ, ಎರಡಕ್ಷರಕ್ಕೆ ನಿಂತಿತೆಂದರೆ ದೋಷವು ಎರಡನೆಯ ಹಂತದಲ್ಲಿದೆಯೆಂದು ಬಲ್ಲವರು ಊಹಿಸುತ್ತಿದ್ದರು. 1995ರಲ್ಲಿ ಎರಿಕ್ ಬೋಲಿನ್ ಆರಂಭಿಸಿದ ಗ್ರಬ್ ಹೆಚ್ಚು ಜಾಣತನದ್ದು; ಆದರೆ ಅದರ ಜಾಣತನವು 446 ಬೈಟುಗಳಲ್ಲಿ ಹಿಡಿಸುವಂತಹುದಲ್ಲ. ಮೊದಲ ಸೆಕ್ಟರಿಗೂ ಮೊದಲ ವಿಭಾಗಕ್ಕೂ ನಡುವೆ ಹಳೆಯ ಡಿಸ್ಕುಗಳಲ್ಲಿ ಸಾಮಾನ್ಯವಾಗಿ 62 ಸೆಕ್ಟರುಗಳು ಖಾಲಿ ಬಿದ್ದಿರುತ್ತಿದ್ದುವು. ಊರ ಗೋಮಾಳಕ್ಕೆ ನಮ್ಮಲ್ಲಿ ಒದಗುವ ಗತಿಯೇ ಆ ಖಾಲಿ ನೆಲಕ್ಕೂ ಒದಗಿತು: ಯಾರದೂ ಅಲ್ಲದ್ದರಿಂದ ಗ್ರಬ್ ಅಲ್ಲಿ ತನ್ನ ಮನೆಯ ಮುಂಗಟ್ಟನ್ನು ಕಟ್ಟಿತು, ಕೆಲವು ವಾಣಿಜ್ಯ ತಂತ್ರಾಂಶಗಳ ಪರವಾನಗಿ ಕಾಯುವ ಕ್ರಮವಿಧಿಗಳೂ ಅಲ್ಲಿಯೇ ತಮ್ಮ ಗುರುತುಕಲ್ಲುಗಳನ್ನು ಕದ್ದು ನೆಟ್ಟುವು. ವಿಂಡೋಸಿನಲ್ಲಿ ಅಂತಹ ತಂತ್ರಾಂಶವೊಂದನ್ನು ತೆರೆದ ಮಾತ್ರಕ್ಕೆ ಮುಂದಿನ ಸಲ ಲಿನಕ್ಸು ಏಳದೆ ಹೋಗುತ್ತಿದ್ದ ವಿಚಿತ್ರ ಪ್ರಕರಣಗಳಿಗೆ ಇದೇ ಕಾರಣ. ಗ್ರಬ್ ರಚಿಸುವವರು ಕೊನೆಗೆ, ತಮ್ಮ ಕ್ರಮವಿಧಿಯ ಕೆಲವು ಭಾಗವನ್ನು ಯಾರಾದರೂ ಕೆಡಿಸಿದರೂ ಅದು ತನ್ನನ್ನು ತಾನೇ ಸರಿಪಡಿಸಿಕೊಳ್ಳುವಂತೆ ರೀಡ್-ಸಾಲಮನ್ ದೋಷನಿವಾರಣ ಸಂಕೇತಗಳನ್ನು ಅದರಲ್ಲಿ ಅಳವಡಿಸಬೇಕಾಯಿತು.

ಗ್ರಬ್ಬಿನ ಮೊದಲ ತುಣುಕು ಮೊದಲ ಸೆಕ್ಟರಿನಲ್ಲಿ, ಎರಡನೆಯದು ಖಾಲಿ ನೆಲದಲ್ಲಿ, ಮಿಕ್ಕುದೆಲ್ಲ, ಅಂದರೆ ಆಯ್ಕೆಗಳ ಪಟ್ಟಿಯೂ ವಿಂಡೋಸಿಗೆ ಹೋಗುವ ದಾರಿಯೂ, ಲಿನಕ್ಸಿನ ವಿಭಾಗದೊಳಗೆ. ಆ ವಿಭಾಗವನ್ನು ಅಳಿಸಿದಾಗ ಮೂರನೆಯದು ಮಾತ್ರ ಹೋಗುತ್ತದೆ. ಮೊದಲೆರಡು ತಮ್ಮ ಸ್ಥಾನದಲ್ಲಿಯೇ ಇದ್ದು, ಈಗ ಇಲ್ಲದ ವಿಳಾಸವನ್ನು ಹುಡುಕಿ ಸೋತು, ‘ಗ್ರಬ್ ರೆಸ್ಕ್ಯೂ’ ಎಂದು ನಿಲ್ಲುತ್ತವೆ. ವಿಂಡೋಸು ಲಿನಕ್ಸಿನ ವಿಭಾಗವನ್ನು ಅಳಿಸಲು ಬಿಡುವುದಾದರೂ, ಮೊದಲ ಸೆಕ್ಟರಿನಲ್ಲಿ ಇನ್ನೊಬ್ಬರು ಕುಳಿತಿರುವರೆಂದು ಒಂದು ಮಾತನ್ನೂ ಹೇಳುವುದಿಲ್ಲ. ಅದೇ ವಿಂಡೋಸನ್ನು ಲಿನಕ್ಸಿನ ನಂತರ ಅಳವಡಿಸಿದರೆ ಅದು ಆ ಸೆಕ್ಟರಿನ ಮೇಲೆ ಯಾರನ್ನೂ ಕೇಳದೆ ತನ್ನದನ್ನು ಬರೆದು ಗ್ರಬ್ಬನ್ನು ಹೊರಹಾಕುತ್ತಿದ್ದಿತೆಂಬುದನ್ನು ನೆನೆದರೆ, ಶಿಷ್ಟಾಚಾರದ ಕೊರತೆಯು ಎರಡೂ ಕಡೆಯದೆಂದು ಹೇಳಬೇಕಾಗುತ್ತದೆ. ಹೋಲಿಸಿದರೆ ಲಿನಕ್ಸಿನವರು ಇತರರನ್ನೂ ತಮ್ಮ ಪಟ್ಟಿಯಲ್ಲಿ ಸೇರಿಸಿಕೊಂಡಷ್ಟು ಉದಾರರು.

ನಮ್ಮ ದೇಶದಲ್ಲಿ ಈ ತೊಡಕು ವ್ಯಾಪಕವಾದದ್ದು ಗಣಕ ಪತ್ರಿಕೆಗಳ ಜೊತೆಗೆ ಲಿನಕ್ಸಿನ ಸಿ.ಡಿ.ಗಳು ಬರತೊಡಗಿದ ಮೇಲೆ, ಅನಂತರ 2005ರಿಂದ 2011ರವರೆಗೆ ಲಿನಕ್ಸಿನ ಒಂದು ರೂಪವಾದ ಉಬುಂಟು ತನ್ನ ಸಿ.ಡಿ.ಗಳನ್ನು ಕೇಳಿದವರಿಗೆಲ್ಲ ಅಂಚೆಯಲ್ಲಿ ಉಚಿತವಾಗಿ ಕಳುಹಿಸುತ್ತಿದ್ದ ಕಾಲದಲ್ಲಿ. ಕುತೂಹಲದಿಂದ ಹಾಕಿಕೊಂಡ ವಿದ್ಯಾರ್ಥಿಗಳು ಬೇಸತ್ತು ತೆಗೆದರು, ಯಂತ್ರವು ಏಳಲಿಲ್ಲ, ಅದನ್ನು ಹೊತ್ತುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೋ ತಮ್ಮೂರಿನ ಬಸ್‌ ನಿಲ್ದಾಣದ ಬಳಿಯ ಅಂಗಡಿಗೋ ಹೋದರೆ, ಅಲ್ಲಿ ಬಹಳ ಮಂದಿ ಹೇಳುತ್ತಿದ್ದ ಪರಿಹಾರವೊಂದೇ: ‘ಫಾರ್ಮ್ಯಾಟ್ ಮಾಡ್ಬೇಕು ಸಾರ್.’ ಕೇವಲ 446 ಬೈಟುಗಳ ದೋಷಕ್ಕೆ ಡಿಸ್ಕಿನಲ್ಲಿದ್ದ ಮದುವೆಯ ಚಿತ್ರಗಳೂ ಲೆಕ್ಕಪತ್ರಗಳೂ ಬಲಿಯಾದ ಉದಾಹರಣೆಗಳು ನಮ್ಮಲ್ಲಿ ಎಷ್ಟೋ! ವಿಂಡೋಸ್ ಎಕ್ಸ್‌ಪಿಯ ಸಿ.ಡಿ.ಯಿಂದ ಯಂತ್ರವನ್ನು ಎಬ್ಬಿಸಿ, ರಿಕವರಿ ಕನ್ಸೋಲನ್ನು ಪ್ರವೇಶಿಸಿ, ‘ಫಿಕ್ಸ್‌ಎಂಬಿಆರ್’ ಎಂದು ಬರೆದಿದ್ದರೆ ಕೆಲಸವು ಮುಗಿಯುತ್ತಿದ್ದಿತು; ವಿಸ್ತಾದಿಂದೀಚೆಗೆ ಅದೇ ಕೆಲಸಕ್ಕೆ ‘ಬೂಟ್‌ರೆಕ್’ ಎಂಬ ಉಪಕರಣವು ಬಂದಿತು. ಆದರೆ ಯಂತ್ರವನ್ನು ಮಾರುವವರು ಸಿ.ಡಿ.ಯನ್ನು ಕೊಡುವುದನ್ನು ಕ್ರಮೇಣ ನಿಲ್ಲಿಸಿ, ಪುನಃಸ್ಥಾಪನೆಯ ಸಾಮಗ್ರಿಯನ್ನು ಡಿಸ್ಕಿನ ಗುಪ್ತ ವಿಭಾಗದಲ್ಲಿಯೇ ಇಡತೊಡಗಿದ್ದರಿಂದ, ಏಳದ ಯಂತ್ರದ ಔಷಧವು ಏಳದ ಯಂತ್ರದೊಳಗೇ ಸಿಕ್ಕಿಕೊಂಡಿತು.

ಈ ಕಷ್ಟವನ್ನು ಮನಗಂಡು ಮಾಡಿದ ಪ್ರಯತ್ನಗಳಲ್ಲಿ ನನಗೆ ಪ್ರಿಯವಾದುದು 2008ರ ಏಪ್ರಿಲಿನಲ್ಲಿ ಉಬುಂಟು 8.04ರೊಡನೆ ಬಂದ ವೂಬಿ. ಅದು ಡಿಸ್ಕನ್ನು ಒಡೆಯದೆ, ಮೊದಲ ಸೆಕ್ಟರನ್ನು ಮುಟ್ಟದೆ, ವಿಂಡೋಸಿನ ವಿಭಾಗದೊಳಗಿನ ಒಂದು ದೊಡ್ಡ ಕಡತದಲ್ಲಿ ಇಡೀ ಲಿನಕ್ಸನ್ನು ನೆಲೆಗೊಳಿಸಿ, ವಿಂಡೋಸಿನದೇ ಆಯ್ಕೆಪಟ್ಟಿಯಲ್ಲಿ ತನ್ನ ಹೆಸರನ್ನು ಸೇರಿಸುತ್ತಿದ್ದಿತು. ಬೇಡವಾದರೆ ಇತರ ತಂತ್ರಾಂಶಗಳಂತೆಯೇ ಕಂಟ್ರೋಲ್ ಪ್ಯಾನೆಲಿನಿಂದ ತೆಗೆದುಹಾಕಬಹುದಾಗಿತ್ತು. ವೇಗವು ಸ್ವಲ್ಪ ಕಡಿಮೆ, ಆಯುಷ್ಯವೂ ಕೆಲವೇ ವರ್ಷ. ಆದರೂ ಹೊರಡುವಾಗ ಆತಿಥೇಯನಿಗೆ ತೊಂದರೆಯಾಗಬಾರದೆಂದು ಬರುವಾಗಲೇ ಯೋಚಿಸಿದ ತಂತ್ರಾಂಶಗಳು ವಿರಳ.

ಒಡೆತನದ ಪ್ರಶ್ನೆಯನ್ನು ಮೂಲದಲ್ಲಿಯೇ ಬಗೆಹರಿಸಿದ್ದು ಇಂಟೆಲ್ ತನ್ನ ಇಟಾನಿಯಂ ಯಂತ್ರಗಳಿಗೆಂದು ರೂಪಿಸಿ, 2005ರಲ್ಲಿ ಅನೇಕ ಸಂಸ್ಥೆಗಳ ಕೂಟಕ್ಕೆ ಒಪ್ಪಿಸಿದ ಹೊಸ ವಿಧಾನ. ಇಂದು ಅದನ್ನು ಯುಇಎಫ್‌ಐ ಎನ್ನುತ್ತೇವೆ. ವಿಂಡೋಸ್ 8 ಬಂದ 2012ರ ಸುಮಾರಿಗೆ ಅದು ಸಾಮಾನ್ಯರ ಯಂತ್ರಗಳಲ್ಲೆಲ್ಲ ನೆಲೆಯೂರಿತು. ಇದರಲ್ಲಿ ಎಬ್ಬಿಸುವ ಕ್ರಮವಿಧಿಗಳಿಗೆಂದೇ ಒಂದು ಪ್ರತ್ಯೇಕ ವಿಭಾಗವಿದ್ದು, ಅದರೊಳಗೆ ಪ್ರತಿಯೊಂದು ವ್ಯವಸ್ಥೆಗೂ ತನ್ನದೇ ಹೆಸರಿನ ಕಡತಕೋಶವಿರುತ್ತದೆ; ಯಾವುದನ್ನು ಮೊದಲು ಕರೆಯಬೇಕೆಂಬ ಪಟ್ಟಿಯು ಡಿಸ್ಕಿನಲ್ಲಿರದೆ ಮದರ್‌ಬೋರ್ಡಿನ ಅಳಿಯದ ಸ್ಮೃತಿಯಲ್ಲಿರುತ್ತದೆ. ಲಿನಕ್ಸಿನ ವಿಭಾಗವನ್ನು ಅಳಿಸಿದರೆ ಇಲ್ಲಿಯೂ ಗ್ರಬ್ಬಿನ ಕಪ್ಪು ಪರದೆಯೇ ಬರುತ್ತದೆ, ಏಕೆಂದರೆ ಆ ಪಟ್ಟಿಯಲ್ಲಿ ಅದರ ಹೆಸರೇ ಮೊದಲು ಉಳಿದಿರುತ್ತದೆ. ಆದರೆ ವಿಂಡೋಸಿನ ಲೋಡರೂ ತನ್ನ ಕೋಶದಲ್ಲಿ ಅಕ್ಷತವಾಗಿರುವುದರಿಂದ, ಯಂತ್ರವು ಚಾಲೂ ಆಗುವಾಗ ನಿಗದಿತ ಕೀಲಿಯನ್ನೊತ್ತಿ ಫರ್ಮ್‌ವೇರಿನ ಪಟ್ಟಿಯನ್ನು ತೆರೆದು ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬುದನ್ನು ಮೇಲಕ್ಕೆ ತಂದರೆ ಸಾಕು. ಫಾರ್ಮ್ಯಾಟಿನ ಮಾತೇ ಬೇಡ. ಜಾಗವನ್ನು ಉಳಿಸಲು ಹೋಗಿ ಎಬ್ಬಿಸುವ ಕ್ರಮವಿಧಿಗಳ ಆ ಪುಟ್ಟ ವಿಭಾಗವನ್ನೇ ಅಳಿಸಿದವರ ಪಾಡು ಇದಕ್ಕಿಂತ ಕಷ್ಟದ್ದು: ಅವರು ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ವಿಭಾಗವನ್ನು ಮತ್ತೆ ರಚಿಸಿ, ‘ಬಿಸಿಡಿಬೂಟ್’ ಎಂಬ ಆಜ್ಞೆಯಿಂದ ಲೋಡರನ್ನು ಅದರೊಳಕ್ಕೆ ನಕಲಿಸಬೇಕು. ಹಳೆಯ ಬಯಾಸಿನ ಅನುಕರಣೆಯನ್ನು 2020ರೊಳಗೆ ಕೈಬಿಡುವುದಾಗಿ ಇಂಟೆಲ್ 2017ರಲ್ಲಿ ಸಾರಿತು. ಹೊಸ ಪದ್ಧತಿಯ ಡಿಸ್ಕುಗಳಲ್ಲಿಯೂ ಮೊದಲ ಸೆಕ್ಟರನ್ನು ಮಾತ್ರ ಖಾಲಿ ಬಿಟ್ಟಿಲ್ಲ. ಹಳೆಯ ಉಪಕರಣಗಳು ಡಿಸ್ಕನ್ನು ಬರಿದೆಂದು ಭ್ರಮಿಸಿ ಅದರ ಮೇಲೆ ಬರೆಯದಿರಲೆಂದು, ಇಡೀ ಡಿಸ್ಕು ಒಂದೇ ಅಪರಿಚಿತ ವಿಭಾಗಕ್ಕೆ ಸೇರಿದೆಯೆಂದು ಹೇಳುವ 1983ರ ಮಾದರಿಯ ಪಟ್ಟಿಯೊಂದನ್ನು ಅಲ್ಲಿ ಈಗಲೂ ಬರೆದಿಡುತ್ತಾರೆ.